ಸೋರುವ ಜಾಗ

ಸುಂಟಿಕೊಪ್ಪದಲ್ಲಿ ಮಾರ್ಚಿ. ಹೂಮಳೆ ಇನ್ನೂ ಬಿದ್ದಿಲ್ಲ.
ಗುಡ್ಡದ ಮೇಲಿನ ಟ್ಯಾಂಕು ರಾತ್ರಿ ತುಂಬುತ್ತದೆ,
ಬೆಳಗಾಗುವಾಗ ಅರ್ಧ.
ಕೆಳಗಿನ ಬೀದಿಯಲ್ಲಿ ನಲ್ಲಿ ತಿರುಗಿಸಿದರೆ
ಒಣ ಕೆಮ್ಮಿನಂಥ ಒಂದು ಸದ್ದು, ಅಷ್ಟೇ.

ವಾಟರ್‌ಮ್ಯಾನ್ ಕುಸುಮಾಧರ ನಕ್ಷೆ ತಂದ.
ನಕ್ಷೆಯಲ್ಲಿ ಪೈಪಿನ ಪಕ್ಕ ಒಂದು ಹಲಸಿನ ಮರವಿತ್ತು;
ಆ ಮರದ ಹಣ್ಣು ತಿಂದವರಿಗೆ ಈಗ ಮೊಮ್ಮಕ್ಕಳು.
ಆದರೂ ಅಗೆದರು. ಎರಡು ದಿನ, ಮೂರು ಕಡೆ.
ಒಣ ಕೆಮ್ಮಣ್ಣು, ಒಂದು ಬೀಗದ ಕೈ, ಯಾರದೋ ಹಲ್ಲು.
ನಾಯಿಯದು, ಎಂದು ನರ್ಸ್ ಲಿಲ್ಲಿ ಕ್ರಾಸ್ತಾ
ಸುತ್ತ ನಿಂತವರಿಗೆ ಸಮಾಧಾನ ಹೇಳಿದರು.

ನಾನು ಪ್ರೆಸ್ಸಿನವನು. ಮೊಳೆ ಜೋಡಿಸಿ ಜೋಡಿಸಿ
ಅಕ್ಷರವನ್ನು ತಲೆಕೆಳಗಾಗಿ ಓದುವುದು ಅಭ್ಯಾಸ.
ನೀರಿನ ವಿಷಯದಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.
ಟಾರ್ಚು ಹಿಡಿದೆ.

ಮೂರನೆಯ ರಾತ್ರಿ ಹವಾಲ್ದಾರ್ ಬೆಳ್ಯಪ್ಪ,
ಹದಿನೇಳು ವರ್ಷ ಸಿಗ್ನಲ್ಸ್‌ನಲ್ಲಿದ್ದವರು,
ಕಬ್ಬಿಣದ ಸಲಾಕೆ ತಂದು
ಒಂದು ತುದಿ ನೆಲಕ್ಕೆ, ಒಂದು ತುದಿ ಕಿವಿಗೆ.
ಲಾರಿ ನಿಲ್ಲಿಸಿ, ಎಂದರು. ನಿಲ್ಲಿಸಿದರು.
ರೇಡಿಯೋ, ಎಂದರು. ಅದೂ ನಿಂತಿತು.
ಆಮೇಲೆ ನಮ್ಮ ಉಸಿರಿನ ಮೇಲೂ ರೇಗಿದರು.
ಕೊನೆಗೆ: ಸದ್ದು ಉಂಟು. ಈ ಮೋರಿಯಿಂದ ಆ ಗೋಡೆವರೆಗೆ
ಎಲ್ಲೋ. ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.

ನಲವತ್ತು ಗಜ.
ಅಷ್ಟು ಅಗೆಯುವ ಕೂಲಿಯ ಲೆಕ್ಕದಲ್ಲೇ ಬೆಳಗಾಯಿತು.

ಮೆಣಸು ಕೊಯ್ಯಲು ಏಣಿ ಹೊತ್ತು ಹೊರಟಿದ್ದ
ಹಾಡಿಯ ಬೊಳ್ಳ, ಪ್ರಾಯದಲ್ಲಿ ಹೆಜ್ಜೇನು ಇಳಿಸಿದವನು,
ನಮ್ಮನ್ನು ನೋಡಿ ನಿಂತ.
ಆ ಕಲ್ಲಿನ ಬುಡಕ್ಕೆ ತುಡುವೆ ಯಾಕೆ ಇಳೀತಾ ಉಂಟು?
ನೋಡಿದೆವು. ಹತ್ತಿಪ್ಪತ್ತು ಹುಳ, ಕೂತು, ಎದ್ದು, ಕೂತು.
ಹೂವಿಲ್ಲದ ಕಡೆ ಜೇನು ಕೂತರೆ ಅದು ನೀರಿಗೆ, ಎಂದು
ಏಣಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಡೆದ.
ಮೂರು ದಿನವೂ ಅವನು ಅದೇ ದಾರಿಯಲ್ಲಿ ಹೋಗಿ ಬಂದಿದ್ದ.
ಯಾರೂ ಕೇಳಿರಲಿಲ್ಲ. ನಾನೂ.

ನನ್ನ ಮೊಳೆಪೆಟ್ಟಿಗೆಯ ಮೂಲೆಯ ಗೂಡಿನಲ್ಲಿ
ಞ ಇರುತ್ತದೆ. ವರ್ಷಗಟ್ಟಲೆ ಕೈ ಹಾಕುವುದಿಲ್ಲ.
ಕುಂಞಹಮ್ಮದರ ಮಗಳ ಮದುವೆ ಕಾಗದ ಬಂದ ದಿನ
ಧೂಳು ಊದಿ ತೆಗೆದೆ.
ಅದಿಲ್ಲದಿದ್ದರೆ ತಂದೆಯ ಹೆಸರೇ ಇಲ್ಲದ ಮದುವೆ.

ಕಲ್ಲು ಎತ್ತಿದರು. ಮಣ್ಣು ಹಸಿ. ಎರಡಡಿಗೆ ಪೈಪು,
ಸುತ್ತ ಕೆಸರು, ಬಿರುಕು ಯಾವ ಕಡೆಗೋ ಕಾಣದು.
ಕುಶಾಲನಗರದ ಕ್ಯೂರಿಂಗಿನಲ್ಲಿ ಕಪ್ಪು ಬೀಜ ಹೆಕ್ಕುವ ಚೆಲ್ಲಮ್ಮ
ಬಸ್ಸು ತಪ್ಪಿಸಿಕೊಂಡು ಬಂದು, ಬಳೆ ಮೇಲೆ ಸರಿಸಿ
ಕೆಸರಿಗೆ ಕೈ ಇಳಿಸಿದಳು, ಕಣ್ಣು ಬೇರೆಲ್ಲೋ.
ಇಲ್ಲಿ. ಕೂದಲಿನಷ್ಟು. ಅಡಿಯಲ್ಲಿ.

ಗ್ಯಾರೇಜಿನ ಉಮ್ಮರ್ ಲಾರಿ ಟ್ಯೂಬು ಸೀಳಿ ಪಟ್ಟಿ ಮಾಡಿದ,
ಬಿರುಕಿನ ಮೇಲೇ ಸುತ್ತಲು ಹೋದ.
ಅಯ್ಯೋ ಮಾರಾಯ, ಎಂದರು ಲಿಲ್ಲಿ ಬಾಯಿ, ಗಾಯದಿಂದಲ್ಲ,
ಚೆನ್ನಾಗಿರುವ ಕಡೆಯಿಂದ ಶುರು ಮಾಡು,
ಗಾಯ ದಾಟಿ ಆಚೆ ಕಟ್ಟು.
ಕುಸುಮಾಧರ ಅದನ್ನು ನಕ್ಷೆಯ ಅಂಚಿನಲ್ಲಿ ಬರೆದುಕೊಂಡ,
ಹಲಸಿನ ಮರ ಹೊಡೆದುಹಾಕಿದ.

ನಲ್ಲಿಗೆ ಮೊದಲು ಗಾಳಿ ಬಂತು, ಆಮೇಲೆ ಕೆಂಪು,
ಆಮೇಲೆ ಒಂದು ಮಗು ಬಾಯಿಟ್ಟು ಕುಡಿಯಿತು.

ವಾರದ ನಂತರ ಪಂಚಾಯಿತಿಯಿಂದ ಕೃತಜ್ಞತೆಯ ಕರಪತ್ರ,
ಇನ್ನೂರು ಪ್ರತಿ. ಹೆಸರುಗಳು ದರ್ಜೆಯ ಪ್ರಕಾರ:
ಅಧ್ಯಕ್ಷರು, ಹವಾಲ್ದಾರ್, ನರ್ಸ್ ಬಾಯಿ, ಗ್ಯಾರೇಜು,
‘ಮಹಿಳಾ ಕಾರ್ಮಿಕರೊಬ್ಬರು’.

ತಲೆಕೆಳಗಾಗಿ ಓದುವವನಿಗೆ
ಕೊನೆಯ ಸಾಲು ಮೊದಲು ಸಿಗುತ್ತದೆ.
ಅಲ್ಲಿ ಖಾಲಿ ಸೀಸ ತುಂಬಿದ್ದೆ.
ತೆಗೆದೆ. ಚೆಲ್ಲಮ್ಮನ ಹೆಸರು ಕೂಡಿಸಿದೆ.
ಆಮೇಲೆ ಬೊ,
ಆಮೇಲೆ ಳ, ಅದರ ಒತ್ತು.
ಆ ಪೈಪು ಅವನ ಹಾಡಿಯವರೆಗೆ ಹೋಗುವುದಿಲ್ಲ
ಎಂಬುದಕ್ಕೆ ಸಾಲಿನಲ್ಲಿ ಜಾಗ ಸಾಲಲಿಲ್ಲ.
ಪ್ರೂಫು ಕಳಿಸಲಿಲ್ಲ. ಅಚ್ಚು ಹಾಕಿಬಿಟ್ಟೆ.